ಹಲವು ಗೇಟ್‌ವೇಗಳು, ಒಂದೇ ಸೆಷನ್ ಪೂಲ್

ಮಾನ್ಯರೇ,

ಐಬಿಎಂ ಸಂಸ್ಥೆಯ 3270 ಟರ್ಮಿನಲ್ ಬಂದದ್ದು 1971ರಲ್ಲಿ. ಟರ್ಮಿನಲ್ಲುಗಳನ್ನು ಮೇನ್‌ಫ್ರೇಮ್ ಎಂಬ ದೊಡ್ಡ ಕೇಂದ್ರ ಗಣಕಕ್ಕೆ ಜೋಡಿಸುವ ಎಸ್‌ಎನ್‌ಎ ಜಾಲವ್ಯವಸ್ಥೆ ಪ್ರಕಟವಾದದ್ದು 1974ರಲ್ಲಿ. ಆ ಹಸಿರು ಪರದೆಯ ಯಂತ್ರಗಳು ಕಚೇರಿಗಳಿಂದ ಎಂದೋ ಮರೆಯಾದವು. ಆದರೆ 24 ಸಾಲು, 80 ಅಂಕಣಗಳ ಆ ಪರದೆ ಆ ಟರ್ಮಿನಲ್ಲನ್ನು ಅನುಕರಿಸುವ ಎಮ್ಯುಲೇಟರ್ ತಂತ್ರಾಂಶದ ಕಿಟಕಿಯೊಳಗೆ ಇನ್ನೂ ಬದುಕಿದೆ. ಬೆಂಗಳೂರಿನಲ್ಲಿ ಕುಳಿತು ಹೊರದೇಶದ ಬ್ಯಾಂಕು, ವಿಮಾ ಕಂಪನಿಗಳ ಮೇನ್‌ಫ್ರೇಮುಗಳನ್ನು ನೋಡಿಕೊಳ್ಳುವವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಈ ಕಿಟಕಿಗೂ ಮೇನ್‌ಫ್ರೇಮಿಗೂ ನಡುವೆ ನಿಂತಿರುವುದು ಗೇಟ್‌ವೇ ಸರ್ವರ್. ಬಳಕೆದಾರನ ಕಡೆಗೆ ಅದು ಟಿಸಿಪಿ/ಐಪಿ ಎಂಬ ಅಂತರಜಾಲ ನಿಯಮಾವಳಿಯ ಮೇಲೆ ಟಿಎನ್3270 ಭಾಷೆಯಲ್ಲಿ ವ್ಯವಹರಿಸುತ್ತದೆ, ಮೇನ್‌ಫ್ರೇಮಿನ ಕಡೆಗೆ ಎಸ್‌ಎನ್‌ಎ ಭಾಷೆಯಲ್ಲಿ. ಮೇನ್‌ಫ್ರೇಮಿನ ಲೆಕ್ಕದಲ್ಲಿ ಆಚೆ ಬದಿಯಲ್ಲಿರುವುದು ಒಂದು ಎಲ್‌ಯು, ಅಂದರೆ ಗರಿಷ್ಠ ಎಂಟು ಅಕ್ಷರಗಳ ಹೆಸರುಳ್ಳ ಒಂದು ತಾರ್ಕಿಕ ಟರ್ಮಿನಲ್. ಇಂಥ ಎಲ್‌ಯುಗಳನ್ನು ಒಟ್ಟುಗೂಡಿಸಿ, ಬಂದವರಿಗೆ ಖಾಲಿ ಇರುವುದನ್ನು ಕೊಡುವ ಏರ್ಪಾಡೇ ಪೂಲ್. ಮೈಕ್ರೋಸಾಫ್ಟಿನ ಎಸ್‌ಎನ್‌ಎ ಸರ್ವರಿನಲ್ಲಿಯೂ, ಅದರ ಉತ್ತರಾಧಿಕಾರಿಯಾದ ಹೋಸ್ಟ್ ಇಂಟಿಗ್ರೇಷನ್ ಸರ್ವರಿನಲ್ಲಿಯೂ ಬೇರೆ ಬೇರೆ ಸರ್ವರುಗಳ ಎಲ್‌ಯುಗಳನ್ನು ಒಂದೇ ಪೂಲಿಗೆ ಸೇರಿಸಬಹುದಾಗಿದ್ದು, ಬಳಕೆದಾರ ಪೂಲಿನ ಹೆಸರನ್ನಷ್ಟೇ ಕೇಳುತ್ತಾನೆ; ಯಾವ ಸರ್ವರಿನ ಮೂಲಕ ಒಳಹೊಕ್ಕೆನೆಂಬುದು ಅವನಿಗೆ ತಿಳಿಯುವ ಅಗತ್ಯವೇ ಇಲ್ಲ.

ಪೂಲ್ ಹಂಚಿಕೊಂಡೊಡನೆ, ಒಂದು ಸರ್ವರ್ ಬಿದ್ದರೂ ಕೆಲಸ ನಿಲ್ಲದೆಂಬ ಭದ್ರತೆ ಬಂದುಬಿಟ್ಟಿತೆಂದು ಭಾವಿಸುವವರಿದ್ದಾರೆ. ಬಳಕೆ ಅತಿ ಹೆಚ್ಚಿರುವ ಸಮಯದಲ್ಲಿ 400 ಜನರಿಗೆ ಸೆಷನ್, ಅಂದರೆ ತಲಾ ಒಂದು ಎಲ್‌ಯು ಹಿಡಿದು ಮೇನ್‌ಫ್ರೇಮಿನೊಡನೆ ಕೆಲಸ ಮಾಡುವ ಅವಕಾಶ, ಬೇಕೆಂದು ಇಟ್ಟುಕೊಳ್ಳೋಣ. ಎರಡು ಗೇಟ್‌ವೇಗಳಲ್ಲಿ ತಲಾ 200 ಎಲ್‌ಯು ಇಟ್ಟರೆ, ಒಂದು ಬಿದ್ದ ದಿನ 200 ಜನ ಹೊರಗುಳಿಯುತ್ತಾರೆ. ಯಾರೂ ಹೊರಗುಳಿಯಬಾರದೆಂದರೆ ಎರಡರಲ್ಲಿಯೂ ತಲಾ 400, ಒಟ್ಟು 800 ಬೇಕು. ನಾಲ್ಕು ಗೇಟ್‌ವೇಗಳಿದ್ದರೆ, ಒಂದು ಬಿದ್ದರೂ ಉಳಿದ ಮೂರು ಸಾಲುವಂತೆ ತಲಾ 134, ಒಟ್ಟು 536 ಸಾಕು. ಸರ್ವರುಗಳ ಸಂಖ್ಯೆ ಹೆಚ್ಚಿದಂತೆ ಮೀಸಲಿನ ವೆಚ್ಚ ಇಳಿಯುತ್ತದೆ. ಇಲ್ಲಿ ಒಂದು ಮಿತಿಯನ್ನು ಮರೆಯಬಾರದು: ಗೇಟ್‌ವೇಯಿಂದ ಮೇನ್‌ಫ್ರೇಮಿಗಿರುವ ಒಂದು ಸಂಪರ್ಕದ ಮೇಲೆ ಇಡಬಹುದಾದ ಇಂಥ (ಅವಲಂಬಿತ) ಎಲ್‌ಯುಗಳು ಸುಮಾರು 254 ಮಾತ್ರವಾದ್ದರಿಂದ, ಒಂದೇ ಸರ್ವರಿನಲ್ಲಿ 400 ಬೇಕೆಂದವರು ಎರಡು ಸಂಪರ್ಕಗಳನ್ನು ಹೂಡಬೇಕಾಗುತ್ತದೆ.

ಇಷ್ಟೆಲ್ಲ ಮಾಡಿದರೂ ಸರ್ವರ್ ಬಿದ್ದಾಗ ಅದರ ಮೇಲಿದ್ದ ಸೆಷನ್ನುಗಳು ಸಾಮಾನ್ಯವಾಗಿ ಉಳಿಯುವುದಿಲ್ಲ. ಪೂಲ್ ಉಳಿಸುವುದು ಮತ್ತೆ ಪ್ರವೇಶಿಸುವ ಅವಕಾಶವನ್ನು, ಅರ್ಧದಲ್ಲಿದ್ದ ಕೆಲಸವನ್ನಲ್ಲ.

ಆದರೆ ನನ್ನ ಮಟ್ಟಿಗೆ ನಿಜವಾದ ತೊಡಕು ಎಣಿಕೆಯದಲ್ಲ, ಹೆಸರಿನದು. ಎಲ್‌ಯು ಹೆಸರು ಬರಿಯ ವಿಳಾಸವಾಗಿ ಉಳಿದಿಲ್ಲ. ಮೇನ್‌ಫ್ರೇಮಿನ ಅನ್ವಯ ತಂತ್ರಾಂಶಗಳು ದಶಕಗಳಿಂದ ಅದರ ಮೇಲೆ ಅರ್ಥಗಳನ್ನು ಹೇರುತ್ತ ಬಂದಿವೆ. ಈ ಹೆಸರಿನಿಂದ ಬಂದವರಿಗೆ ಈ ವ್ಯವಹಾರವಷ್ಟೇ, ಈ ಹೆಸರಿನವರ ಮುದ್ರಣ ಆ ಪ್ರಿಂಟರಿಗೆ ಎಂಬಂಥ ನಿಯಮಗಳು ಹಳೆಯ ಕೋಡಿನಲ್ಲಿ ಹುದುಗಿರುತ್ತವೆ, ಮತ್ತು ಅವನ್ನು ಬರೆದವರು ನಿವೃತ್ತರಾಗಿರುತ್ತಾರೆ. ಮೇನ್‌ಫ್ರೇಮಿನಲ್ಲಿ ವ್ಯವಹಾರಗಳನ್ನು ನಡೆಸುವ ಐಬಿಎಂ ತಂತ್ರಾಂಶವಾದ ಸಿಐಸಿಎಸ್‌ನ ಉದಾಹರಣೆ ನೋಡಿ. ಅಲ್ಲಿ ಟರ್ಮಿನಲ್ ಗುರುತಿಗೆ ನಾಲ್ಕೇ ಅಕ್ಷರಗಳ ಜಾಗ. ಹೊಸ ಟರ್ಮಿನಲ್ಲನ್ನು ತಾನಾಗಿ ಸ್ಥಾಪಿಸುವಾಗ, ಸಿಐಸಿಎಸ್ ಜೊತೆಗೆ ಬರುವ ಮೂಲ ಪ್ರೋಗ್ರಾಂ ಎಲ್‌ಯು ಹೆಸರಿನ ಕೊನೆಯ ನಾಲ್ಕು ಅಕ್ಷರಗಳನ್ನೇ ಆ ಗುರುತಾಗಿ ತೆಗೆದುಕೊಳ್ಳುತ್ತದೆ. ಈಗ ಯಾರೋ ಬಹಳ ಅಚ್ಚುಕಟ್ಟಾಗಿ, ಮೊದಲ ನಾಲ್ಕು ಅಕ್ಷರಗಳಲ್ಲಿ ಗೇಟ್‌ವೇಯ ಹೆಸರನ್ನೂ ಕೊನೆಯ ನಾಲ್ಕರಲ್ಲಿ 0001ರಿಂದ ಕ್ರಮಸಂಖ್ಯೆಯನ್ನೂ ಇಟ್ಟರೆನ್ನಿ. ಮೇನ್‌ಫ್ರೇಮಿನ ಎಸ್‌ಎನ್‌ಎ ಜಾಲವನ್ನು ನೋಡಿಕೊಳ್ಳುವ ವಿಟ್ಯಾಮ್‌ನಲ್ಲಿ ಎಲ್ಲ ಹೆಸರುಗಳೂ ಭಿನ್ನವಾಗಿರುತ್ತವೆ, ಜಾಲದ ಕಡೆಯವರ ದೃಷ್ಟಿಯಲ್ಲಿ ದೋಷವೇ ಇಲ್ಲ. ಸಿಐಸಿಎಸ್‌ನಲ್ಲಿ ಮಾತ್ರ ಪ್ರತಿ ಗೇಟ್‌ವೇಯ ಮೊದಲನೆಯ ಬಳಕೆದಾರನೂ 0001 ಆಗಿ ಒಬ್ಬರಿಗೊಬ್ಬರು ಡಿಕ್ಕಿ ಹೊಡೆಯುತ್ತಾರೆ. ಪ್ರತ್ಯೇಕ ಸಿಐಸಿಎಸ್‌ಗಳಿಗೆ ಹೋಗುತ್ತಿದ್ದ ಗೇಟ್‌ವೇಗಳಲ್ಲಿ ಅಡಗಿ ಕುಳಿತಿದ್ದ ಈ ದೋಷ ಹೊರಬೀಳುವುದು ಪೂಲನ್ನು ಒಂದುಗೂಡಿಸಿದ ಮೇಲೆಯೇ.

ಹಾಗಾದರೆ ಹೆಸರುಗಳ ಖಾತೆಯನ್ನು ಯಾರು ಇಡಬೇಕು? ಸರಳವಾದ ದಾರಿಯೆಂದರೆ ಪ್ರತಿ ಗೇಟ್‌ವೇಗೂ ಹೆಸರುಗಳ ಪ್ರತ್ಯೇಕ ವ್ಯಾಪ್ತಿಯನ್ನು ಮೊದಲೇ ಹಂಚಿಕೊಟ್ಟುಬಿಡುವುದು. ಎರಡು, ಮೂರು ಸರ್ವರುಗಳಿಗೆ ಇದು ಸಾಕು, ಇನ್ನೇನೂ ಬೇಡ ಎಂದೇ ನಾನು ಹೇಳುತ್ತೇನೆ. ಆದರೆ ನಿರ್ದಿಷ್ಟ ಹೆಸರನ್ನೇ ಕೇಳಿಕೊಂಡು ಬರುವ ಬಳಕೆದಾರರಿದ್ದಾಗ ಈ ಹಂಚಿಕೆ ನಿಲ್ಲುವುದಿಲ್ಲ. 1998ರ ಅಂತರಜಾಲ ತಾಂತ್ರಿಕ ದಾಖಲೆಯಾದ ಆರ್‌ಎಫ್‌ಸಿ 2355 ವಿವರಿಸುವ ಟಿಎನ್3270ಇ (ಟಿಎನ್3270ರ ವಿಸ್ತೃತ ರೂಪ) ನಿಯಮಾವಳಿಯು ಹಾಗೆ ಹೆಸರು ಕೇಳುವುದಕ್ಕೂ, ಪ್ರಿಂಟರನ್ನು ತನ್ನ ಟರ್ಮಿನಲ್ಲಿನೊಡನೆ ಜೋಡಿಸಿಕೊಳ್ಳುವುದಕ್ಕೂ ಅವಕಾಶ ಕೊಡುತ್ತದೆ. ಬಂದವರನ್ನು ಸರ್ವರುಗಳಿಗೆ ಹಂಚುವ ಲೋಡ್ ಬ್ಯಾಲೆನ್ಸರ್ ಅಂಥ ಬಳಕೆದಾರನನ್ನು ಯಾವ ಸರ್ವರಿಗೆ ಕಳುಹಿಸುತ್ತದೆಂದು ಹೇಳಲಾಗದು. ಇದಕ್ಕಾಗಿಯೇ ಐಬಿಎಂ ಮೇನ್‌ಫ್ರೇಮಿನ ಕಾರ್ಯಾಚರಣ ವ್ಯವಸ್ಥೆಯಾದ ಝಡ್/ಓಎಸ್‌ನ ಟೆಲ್ನೆಟ್ (ಟಿಎನ್3270) ಸರ್ವರುಗಳಲ್ಲಿ ಕೇಂದ್ರ ಖಾತೆಯ ವ್ಯವಸ್ಥೆಯಿದೆ: ಸಿಸ್‌ಪ್ಲೆಕ್ಸ್ ಎಂಬ ಝಡ್/ಓಎಸ್ ವ್ಯವಸ್ಥೆಗಳ ಗುಂಪಿನಲ್ಲಿರುವ ಸರ್ವರುಗಳಲ್ಲಿ ಒಂದು ಹೆಸರುಗಳ ಒಡೆತನ ವಹಿಸುತ್ತದೆ, ಉಳಿದವು ಹಂಚಿಕೆಯ ಗುಂಪಿನಿಂದ ಎಲ್‌ಯು ಕೊಡುವ ಮುನ್ನ ಅದನ್ನು ಕೇಳುತ್ತವೆ. ಒಡೆಯ ಸರ್ವರ್ ಬಿದ್ದರೆ ನಡೆಯುತ್ತಿರುವ ಸೆಷನ್ನುಗಳಿಗೆ ಧಕ್ಕೆಯಿಲ್ಲ. ಮೀಸಲಿನಲ್ಲಿದ್ದ ಇನ್ನೊಂದು ಸರ್ವರ್ ಅಧಿಕಾರ ವಹಿಸಿಕೊಂಡು, ಬಳಕೆಯಲ್ಲಿರುವ ಹೆಸರುಗಳನ್ನು ಉಳಿದವರಿಂದ ಕೇಳಿ ತಿಳಿದು, ಖಾತೆಯನ್ನು ಮತ್ತೆ ಕಟ್ಟುತ್ತದೆ.

ಖಾತೆ ಎಷ್ಟೇ ಸರಿಯಿದ್ದರೂ ಹೆಸರುಗಳು ಹಿಂದಿರುಗದಿದ್ದರೆ ಪೂಲ್ ಬತ್ತುತ್ತದೆ. ಬಳಕೆದಾರ ಲ್ಯಾಪ್‌ಟಾಪ್ ಮುಚ್ಚಿ ಹೊರಟಾಗ ಟಿಸಿಪಿ ಸಂಪರ್ಕ ಕಡಿದದ್ದು ಗೇಟ್‌ವೇಗೆ ತಿಳಿಯದೆ, ಅವನ ಎಲ್‌ಯು ಗಂಟೆಗಟ್ಟಲೆ ಹಿಡಿದಿಟ್ಟಂತಾಗುತ್ತದೆ. ಅವನೇ ಮರಳಿ ಬಂದು ಇನ್ನೊಂದನ್ನು ಪಡೆಯುತ್ತಾನೆ. ಝಡ್/ಓಎಸ್‌ನಲ್ಲಿ ಇಂಥವನ್ನು ಹುಡುಕಲು ಸ್ಕ್ಯಾನ್‌ಇಂಟರ್ವಲ್ ಮತ್ತು ಟೈಮ್‌ಮಾರ್ಕ್ ಎಂಬ ಎರಡು ಸೂಚನೆಗಳಿದ್ದು, ಸುಮ್ಮನಿರುವ ಬಳಕೆದಾರನಿಗೆ ಪ್ರಶ್ನೆ ಕಳುಹಿಸಿ, ಉತ್ತರ ಬಾರದಿದ್ದರೆ ಸಂಪರ್ಕವನ್ನು ಮುಚ್ಚಲಾಗುತ್ತದೆ. ಈ ಅವಧಿಗಳನ್ನು ಎಲ್ಲ ಗೇಟ್‌ವೇಗಳಲ್ಲಿಯೂ ಒಂದೇ ಇಡಬೇಕು, ಏಕೆಂದರೆ ಒಂದರಲ್ಲಿ ಸಡಿಲವಿದ್ದರೂ ಹಂಚಿಕೊಂಡ ಪೂಲಿನ ಹೆಸರುಗಳೆಲ್ಲ ನಿಧಾನವಾಗಿ ಅಲ್ಲಿ ಹೋಗಿ ಸಿಕ್ಕಿಕೊಳ್ಳುತ್ತವೆ.