ಬಾಯಿಮಾತಿನ ಪಾಲುದಾರಿಕೆ: ಮೊದಲು ಲೆಕ್ಕ ಬರೆಯಿರಿ

ಕೇಳುಗರೆಲ್ಲರಿಗೂ ನಮಸ್ಕಾರ.

ಬಾಯಿಮಾತಿನ ಮೇಲೆ ಪಾಲಿನ ವ್ಯಾಪಾರ ಮಾಡಿ, ಈಗ ಒಬ್ಬರ ಮುಖ ಒಬ್ಬರು ನೋಡದೆ ಕೂತವರಿಗೆಂದೇ ಇವತ್ತಿನ ಮಾತು. "ಬರಹದಲ್ಲಿ ಏನೂ ಇಲ್ಲ ಸಾರ್, ನಮ್ಮ ಕಥೆ ಮುಗೀತು" ಎಂದುಕೊಂಡೇ ಜನ ಬರುತ್ತಾರೆ. ಏನೂ ಮುಗಿದಿಲ್ಲ. 1932ರ ಪಾಲುದಾರಿಕೆ ಕಾಯ್ದೆ ಪತ್ರ ಬೇಕೇ ಬೇಕು ಅನ್ನುವುದಿಲ್ಲ. ಮಾತಿನ ಪಾಲುದಾರಿಕೆಯೂ ಪಾಲುದಾರಿಕೆಯೇ. ಆದ್ದರಿಂದ ಜಗಳ ಬದಿಗಿಡಿ, ಮೊದಲು ಲೆಕ್ಕ ಬರೆಯಿರಿ.

ಚನ್ನಗಿರಿ ಕಡೆಯ ಇಬ್ಬರು ಗೆಳೆಯರು ಅಡಿಕೆ ತೋಟ ಚೇಣಿಗೆ, ಅಂದರೆ ಫಸಲಿನ ಗುತ್ತಿಗೆಗೆ, ಹಿಡಿದಿದ್ದರು. ಒಬ್ಬರದು ದುಡ್ಡು, ಇನ್ನೊಬ್ಬರದು ದುಡಿಮೆ. ಕೊಯ್ಲು, ಸುಲಿತ, ಬೇಯಿಸುವುದು, ಒಣಗಿಸುವುದು ಎಲ್ಲಾ ಅವರದೇ. "ಬಂದದ್ದು ಹಂಚಿಕೊಳ್ಳೋಣ" ಎಂದು ಮಾತಾಗಿತ್ತು. ಎಷ್ಟೆಷ್ಟು ಅಂತ ಇಬ್ಬರೂ ಬಾಯಿಬಿಟ್ಟು ಆಡಿರಲಿಲ್ಲ. ಮಂಡಿಯಿಂದ ಹಣ ಬಂದ ಮೇಲೆ ದುಡ್ಡಿನವರು, "ನನ್ನ ಹಣಕ್ಕೆ ಬಡ್ಡಿ ಮುರಿದುಕೊಂಡು ಉಳಿದದ್ದು ಹಂಚೋಣ" ಅಂದರು. ದುಡಿದವರು, "ಹಾಗಾದರೆ ನನಗೆ ದಿನಗೂಲಿ ಹಿಡಿಯಪ್ಪ" ಅಂದರು. ಅಲ್ಲಿಗೆ ಮಾತು ನಿಂತಿತು.

ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಸಂಧಾನಕ್ಕೆ ನನ್ನ ಮುಂದೆ ಕೂತಾಗ ಇಬ್ಬರೂ ಹಳೇ ಪುರಾಣ ಶುರು ಮಾಡಿದರು. ನಾನು ತಡೆದೆ. ಮೊದಲು ಲೆಕ್ಕ! ದುಡಿದವರು ಜೇಬಿನಿಂದ ಒಂದು ಪುಟ್ಟ ಪುಸ್ತಕ ತೆಗೆದರು. ಅಡಿಕೆ ಬೇಯಿಸಿದ ಚೊಗರಿನ ಕಲೆ ಹಿಡಿದು ಹಾಳೆಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಬಿಡಿಸಿ ನೋಡಿದರೆ ಮರ ಹತ್ತಿ ಗೊನೆ ಕೊಯ್ಯುವ ಕೊನೆಗಾರರ ಕೂಲಿ, ಸುಲಿದವರ ಕೂಲಿ, ಸೌದೆ, ಟ್ರ್ಯಾಕ್ಟರ್ ಬಾಡಿಗೆ, ಎಲ್ಲಾ ತಾರೀಕು ಸಮೇತ ಇತ್ತು. ಇನ್ನೊಬ್ಬರ ಹತ್ತಿರ ಮಂಡಿಯ ಪಟ್ಟಿ, ಬ್ಯಾಂಕ್ ಪಾಸ್‌ಬುಕ್. ಒಂದೇ ಹಾಳೆಯ ಮೇಲೆ ಎದುರುಬದುರಾಗಿ ಬರೆಸಿದೆ. ಟ್ರ್ಯಾಕ್ಟರ್ ಬಾಡಿಗೆಯನ್ನು ಇಬ್ಬರೂ ತಮ್ಮ ತಮ್ಮ ಖರ್ಚಿಗೆ ಹಾಕಿಕೊಂಡಿದ್ದರು. ಅದನ್ನು ತೆಗೆದ ಮೇಲೆ ಬಡ್ಡಿ ಮತ್ತು ಕೂಲಿ ಬಿಟ್ಟರೆ ತಕರಾರೇ ಇರಲಿಲ್ಲ.

ಆ ಎರಡಕ್ಕೂ ಕಾಯ್ದೆಯ 13ನೇ ಕಲಂನಲ್ಲಿ ಉತ್ತರವಿದೆ. ಬೇರೆ ಒಪ್ಪಂದ ಇಲ್ಲದಿದ್ದರೆ ಲಾಭ, ನಷ್ಟ ಎರಡೂ ಸಮಪಾಲು. ದುಡಿಮೆಗೆ ಬೇರೆ ಸಂಬಳವಿಲ್ಲ, ಬಂಡವಾಳಕ್ಕೆ ಬಡ್ಡಿಯಿಲ್ಲ. ಒಪ್ಪಿದ ಬಂಡವಾಳಕ್ಕಿಂತ ಹೆಚ್ಚಾಗಿ ಕೊಟ್ಟ ಹಣಕ್ಕೆ ಮಾತ್ರ ವರ್ಷಕ್ಕೆ ಶೇಕಡಾ 6. ಇದನ್ನು ಓದಿ ಹೇಳಿದಾಗ ಇಬ್ಬರೂ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ದುಡ್ಡಿನವರೇ, "ಸರಿ, ಅರ್ಧ ಅರ್ಧ ಮಾಡಿಬಿಡಿ" ಅಂದರು. ಲೋಕ ಅದಾಲತ್‌ನಲ್ಲಿ ರಾಜಿ ಬರೆಸಿದೆವು. ಆ ರಾಜಿಗೆ ಕೋರ್ಟಿನ ಡಿಕ್ರಿಯಷ್ಟೇ ಬಲ. ಮೇಲ್ಮನವಿ ಇಲ್ಲ, ಕೋರ್ಟ್ ಶುಲ್ಕವೂ ಇಲ್ಲ.

ಸಮಯ ಆಗುತ್ತಾ ಬಂತು, ಉಳಿದದ್ದನ್ನು ಬೇಗ ಹೇಳುತ್ತೇನೆ. ನೋಂದಣಿ ಆಗದ ಪಾಲುದಾರಿಕೆಯಲ್ಲಿ "ಮಾತಿನಂತೆ ನನ್ನ ಪಾಲು ಕೊಡಿಸಿ" ಎಂದು ಪಾಲುದಾರನ ಮೇಲೆ ದಾವೆ ಹೂಡಲು 69ನೇ ಕಲಂ ಬಿಡುವುದಿಲ್ಲ. "ಪಾಲುದಾರಿಕೆ ಮುರಿದು ಲೆಕ್ಕ ಚುಕ್ತಾ ಮಾಡಿಸಿ" ಎಂದು ಕೇಳಬಹುದು. ನೋಡಿ, ಕೋರ್ಟಿಗೆ ಹೋದರೂ ಲೆಕ್ಕವೇ ಬೇಕು! ಪಾಲುದಾರಿಕೆ ಮುರಿದ ದಿನದಿಂದ 3 ವರ್ಷದೊಳಗೆ ಹೋಗಬೇಕು. "ಹಬ್ಬ ಕಳೀಲಿ, ಮದುವೆ ಮುಗೀಲಿ" ಅಂತ ಕಾಯುತ್ತಾ ಈ ಗಡುವು ದಾಟಿಸಿಕೊಂಡವರನ್ನು ನೋಡಿದರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಪುರಾವೆಗೆ ಬೇಕಾಗುತ್ತದೆ, ವಾಟ್ಸಾಪ್ ಮಾತುಕತೆ ಅಳಿಸಬೇಡಿ, ಹಳೇ ಫೋನ್ ಮಾರಬೇಡಿ.

ಕಾನೂನು ಸೇವಾ ಸಮಿತಿ ನಿಮ್ಮ ತಾಲ್ಲೂಕು ನ್ಯಾಯಾಲಯದ ಆವರಣದಲ್ಲೇ ಇದೆ. ಲೆಕ್ಕದ ಹಾಳೆ, ಚೀಟಿ, ಪಾಸ್‌ಬುಕ್ ಹಿಡಿದುಕೊಂಡು ಈ ವಾರವೇ ಹೋಗಿ. ನಮಸ್ಕಾರ.