ಕೂತು ಕಾಯುತ್ತಿದ್ದ ಕಾಲದ ಗೇಮ್‌ಗಳು

ಕೇಳುಗರಿಗೆ ನಮಸ್ಕಾರ.

ಕಂಪ್ಯೂಟರ್ ಗೇಮ್ ಅಂದರೆ ಒಬ್ಬರೇ ಮೂಲೆಯಲ್ಲಿ ಕೂತು ಆಡುವುದು ಅಂತ ಬಹಳ ಜನ ಅಂದುಕೊಂಡಿದ್ದಾರೆ. ನನಗೆ ತೀರಾ ಹತ್ತಿರದವರಾದ ಕೆಲವು ಗೆಳೆಯರು ಸಿಕ್ಕಿದ್ದೇ ಗೇಮ್‌ನೊಳಗೆ. ಸಾವಿರಾರು ಜನ ಒಂದೇ ಹೊತ್ತಿಗೆ ಒಂದೇ ಲೋಕದಲ್ಲಿ ಓಡಾಡುವ ಗೇಮ್ ಅದು. ಒಬ್ಬರು ಯೋಧ, ಇನ್ನೊಬ್ಬರು ಮಾಂತ್ರಿಕ, ಮತ್ತೊಬ್ಬರು ಗಾಯ ವಾಸಿ ಮಾಡುವವರು. ಹೀಗೆ ಒಂದೊಂದು ಪಾತ್ರ ಹೊತ್ತು, ಅದನ್ನು ವರ್ಷಗಟ್ಟಲೆ ಬೆಳೆಸುವುದು. ಆಡುವವರು ಇದನ್ನು ಎಂಎಂಒ ಅನ್ನುತ್ತಾರೆ.

ಇದರ ಬೇರು 1978ರಷ್ಟು ಹಳೆಯದು. ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ ರಾಯ್ ಟ್ರಬ್‌ಶಾ ಮಡ್ ಎಂಬ ಗೇಮ್ ಶುರು ಮಾಡಿದರು, ರಿಚರ್ಡ್ ಬಾರ್ಟಲ್ ಅದನ್ನು ಮುಂದುವರಿಸಿದರು. ಅದರಲ್ಲಿ ಚಿತ್ರವೇ ಇಲ್ಲ, ಎಲ್ಲವೂ ಅಕ್ಷರ. 1997ರಲ್ಲಿ ಅಲ್ಟಿಮಾ ಆನ್‌ಲೈನ್ ಬಂತು. 1999ರ ಮಾರ್ಚ್‌ನಲ್ಲಿ ಎವರ್‌ಕ್ವೆಸ್ಟ್. ನನ್ನ ಮಾತು ಹೆಚ್ಚಾಗಿ ಈ ಎವರ್‌ಕ್ವೆಸ್ಟ್ ಸುತ್ತಲೇ.

ಎವರ್‌ಕ್ವೆಸ್ಟ್ ಕಷ್ಟದ ಗೇಮ್. ಕೈಚಳಕ ಜಾಸ್ತಿ ಬೇಕಿರಲಿಲ್ಲ, ತಾಳ್ಮೆ ಬೇಕಿತ್ತು. ಮಂತ್ರ ಹಾಕುವವರಿಗೆ ಮಾನಾ ಅಂತ ಒಂದು ಶಕ್ತಿ. ಎರಡು ಮೂರು ಕಾದಾಟ ಆಗುವಷ್ಟರಲ್ಲಿ ಅದು ಖಾಲಿ. ಆಮೇಲೆ ನೆಲದ ಮೇಲೆ ಕೂರಬೇಕು, ಮಾನಾ ನಿಧಾನವಾಗಿ ತುಂಬಬೇಕು. ಅದಕ್ಕೆ ಮೆಡ್ ಮಾಡುವುದು ಅಂತ ಹೆಸರು. ಶುರುವಿನ ವರ್ಷಗಳಲ್ಲಿ, 35ನೇ ಲೆವೆಲ್ ದಾಟುವವರೆಗೆ, ಮೆಡ್ ಮಾಡಲು ಮಂತ್ರದ ಪುಸ್ತಕ ಬಿಚ್ಚಿಡಲೇಬೇಕಿತ್ತು. ಪುಸ್ತಕ ಬಿಚ್ಚಿದರೆ ಎದುರಿನ ದೃಶ್ಯವೆಲ್ಲ ಮುಚ್ಚಿಹೋಗುತ್ತಿತ್ತು. ಕಾಡು ಇಲ್ಲ, ಗೆಳೆಯರು ಇಲ್ಲ, ಮೇಲೆ ಬೀಳಲು ಬರುತ್ತಿರುವ ರಾಕ್ಷಸನೂ ಕಾಣುವುದಿಲ್ಲ. ಉಳಿಯುತ್ತಿದ್ದದ್ದು ಚಾಟ್ ಮಾತ್ರ.

ಹಾಗಾದರೆ ಏನು ಮಾಡುತ್ತಾರೆ? ಮಾತಾಡುತ್ತಾರೆ. ಆರು ಜನರ ಗ್ರೂಪ್. ಒಂದು ಗುಹೆಯ ಮೂಲೆಯಲ್ಲಿ ಕ್ಯಾಂಪ್ ಹಾಕಿ ಕೂತಿದ್ದೇವೆ. ಒಬ್ಬರು ಹೋಗಿ ಒಂದು ಪ್ರಾಣಿಯನ್ನು ಎಳೆದು ತರುತ್ತಾರೆ, ಎಲ್ಲರೂ ಸೇರಿ ಹೊಡೆಯುತ್ತೇವೆ, ಮತ್ತೆ ಕೂರುತ್ತೇವೆ. ಕೂತಾಗ ಒಬ್ಬರು ಮಗುವಿಗೆ ಜ್ವರ ಅನ್ನುತ್ತಾರೆ. ಇನ್ನೊಬ್ಬರು ನಾಳೆ ಪರೀಕ್ಷೆ ಅನ್ನುತ್ತಾರೆ. ಮುಖ ಗೊತ್ತಿಲ್ಲ, ನಿಜವಾದ ಹೆಸರು ಗೊತ್ತಿಲ್ಲ, ಆದರೂ ಆ ಮಗುವಿನ ಜ್ವರ ಇಳಿಯಿತಾ ಅಂತಲೇ ಮರುದಿನ ಮೊದಲು ಕೇಳುತ್ತಿದ್ದೆವು. ಈ ಗೇಮ್‌ಗಳ ಸ್ನೇಹಕ್ಕೆ ಕಾರಣ ಕಷ್ಟ ಅಂತ ಸಾಮಾನ್ಯವಾಗಿ ಹೇಳುತ್ತಾರೆ. ನನ್ನ ಪ್ರಕಾರ ಕಷ್ಟಕ್ಕಿಂತ ಹೆಚ್ಚು ಕಾರಣ ಈ ಬಿಡುವು. ಕೈಗೆ ಕೆಲಸವಿಲ್ಲದ ಆ ನಾಲ್ಕೈದು ನಿಮಿಷ.

ಕಷ್ಟಕ್ಕೂ ಅದರದೇ ಪಾಲು ಇತ್ತು. ಎವರ್‌ಕ್ವೆಸ್ಟ್‌ನಲ್ಲಿ ಸತ್ತರೆ ಏನಾಗುತ್ತಿತ್ತು ಅಂತ ಹೇಳುತ್ತೇನೆ ಕೇಳಿ. ನಿಮ್ಮ ಶವ ಸತ್ತ ಜಾಗದಲ್ಲೇ ಬಿದ್ದಿರುತ್ತದೆ. ಕತ್ತಿ, ಕವಚ, ಹಣ, ಎಲ್ಲ ಅದರ ಮೇಲೆ. ನೀವು ದೂರದ ಯಾವುದೋ ಊರಿನ ಬಾಗಿಲಲ್ಲಿ ಬರಿಗೈಯಲ್ಲಿ ಎದ್ದು ನಿಲ್ಲುತ್ತೀರಿ. ಗಳಿಸಿದ ಅನುಭವದ ಅಂಕಗಳಲ್ಲೂ ಒಂದಷ್ಟು ಹೋಗುತ್ತದೆ, ಕೆಲವೊಮ್ಮೆ ಲೆವೆಲ್ಲೇ ಒಂದು ಇಳಿಯುತ್ತದೆ. ಈಗ ಅದೇ ಗುಹೆಗೆ, ಮೈಮೇಲೆ ಏನೂ ಇಲ್ಲದೆ, ವಾಪಸ್ ಹೋಗಿ ಶವ ತೆಗೆದುಕೊಳ್ಳಬೇಕು. ತಡಮಾಡಿದರೆ ಶವ ಕೊಳೆತು ಎಲ್ಲವೂ ಹೋಗುತ್ತದೆ.

ಒಬ್ಬರೇ ಮಾಡುವ ಕೆಲಸವೇ ಅಲ್ಲ ಅದು. ರೋಗ್ ಅನ್ನುವ ಕಳ್ಳನ ಪಾತ್ರದವರು ಯಾರ ಕಣ್ಣಿಗೂ ಬೀಳದೆ ನುಸುಳಬಲ್ಲರು. ನೀವು ಕನ್ಸೆಂಟ್ ಅಂತ ಟೈಪ್ ಮಾಡಿ ಅವರ ಹೆಸರು ಬರೆದರೆ, ನಿಮ್ಮ ಶವವನ್ನು ಎಳೆಯುವ ಅನುಮತಿ ಅವರಿಗೆ ಸಿಗುತ್ತದೆ. ಅವರು ರಾಕ್ಷಸರ ನಡುವೆಯೇ ಹೆಜ್ಜೆ ಹೆಜ್ಜೆಗೂ ಶವ ಎಳೆದುಕೊಂಡು ಬಾಗಿಲಿಗೆ ತರುತ್ತಾರೆ. ಅಲ್ಲಿ ಗಾಯ ವಾಸಿ ಮಾಡುವ ಪಾತ್ರದ ಕ್ಲೆರಿಕ್ ಒಬ್ಬರು ಮಂತ್ರ ಹಾಕಿ, ನೀವು ಕಳೆದುಕೊಂಡ ಅನುಭವದ ಬಹುಪಾಲನ್ನು ವಾಪಸ್ ಕೊಡುತ್ತಾರೆ. ಇದರಿಂದ ಆ ರೋಗ್‌ಗೆ ಏನು ಲಾಭ? ಲೆಕ್ಕಕ್ಕೆ ಏನೂ ಇಲ್ಲ. ಆದರೂ ನಡುರಾತ್ರಿ ಎದ್ದು ಬರುತ್ತಿದ್ದರು. ಅಂಥವರ ಹೆಸರು ಇಡೀ ಸರ್ವರ್‌ಗೆ, ಅಂದರೆ ಆ ಲೋಕದ ಒಂದು ಪ್ರತಿಯಲ್ಲಿ ಆಡುವ ಎಲ್ಲರಿಗೂ, ಗೊತ್ತಿರುತ್ತಿತ್ತು. ಗ್ರೂಪ್ ಸೇರಿ ಒಳ್ಳೆಯ ಸಾಮಾನು ಬಾಚಿಕೊಂಡು ಓಡಿಹೋದವರ ಹೆಸರೂ ಅಷ್ಟೇ ಗೊತ್ತಿರುತ್ತಿತ್ತು. ಅವರನ್ನು ಮತ್ತೆ ಯಾರೂ ಕರೆಯುತ್ತಿರಲಿಲ್ಲ.

ಹೊಸಬರು ಊರ ಬಾಗಿಲಲ್ಲಿ ತಡವರಿಸುತ್ತಿರುವಾಗ, ದಾರಿಯಲ್ಲಿ ಹೋಗುವ ಶಾಮನ್ ಅನ್ನುವ ಮಾಂತ್ರಿಕ ಪಾತ್ರದವರೊಬ್ಬರು ಒಂದು ಕ್ಷಣ ನಿಂತು ಸ್ಪಿರಿಟ್ ಆಫ್ ವುಲ್ಫ್ ಮಂತ್ರ ಹಾಕಿ ಹೋಗುತ್ತಿದ್ದರು. ಕಾಲಿಗೆ ತೋಳದ ವೇಗ ಬಂದುಬಿಡುತ್ತಿತ್ತು. ಕೊಳ್ಳುವುದು ಮಾರುವುದಕ್ಕೆ ಮೊದಮೊದಲು ಅಂಗಡಿಯ ಪರದೆ ಇರಲಿಲ್ಲ. ಈಸ್ಟ್ ಕಾಮನ್‌ಲ್ಯಾಂಡ್ಸ್ ಅನ್ನುವ ಬಯಲಿನ ಒಂದು ಸುರಂಗದಲ್ಲಿ ಜನ ತಾವಾಗಿಯೇ ಸೇರಿ, ಕೂಗಿ ಕೂಗಿ ಚೌಕಾಸಿ ಮಾಡುತ್ತಿದ್ದರು. ಇದನ್ನು ಯಾವ ನಿಯಮವೂ ಹೇಳಿರಲಿಲ್ಲ.

ಬೇರೆ ಗೇಮ್‌ಗಳೂ ಇದೇ ದಾರಿ ಹಿಡಿದಿದ್ದವು. 2003ರ ಸ್ಟಾರ್ ವಾರ್ಸ್ ಗ್ಯಾಲಕ್ಸೀಸ್‌ನಲ್ಲಿ ಕಾದಾಡಿ ದಣಿದವರು ಕ್ಯಾಂಟೀನಾ ಅನ್ನುವ ಪಾನಗೃಹಕ್ಕೆ ಬಂದು ಹಾಡು, ಕುಣಿತ ನೋಡುತ್ತಾ ಕೂತರೆ ಮಾತ್ರ ಆ ದಣಿವು ಇಳಿಯುತ್ತಿತ್ತು. ಹಾಡುವವರೂ ಕುಣಿಯುವವರೂ ಆಟಗಾರರೇ. ಬರೀ ನರ್ತಕಿಯಾಗಿಯೇ ಇಡೀ ಗೇಮ್ ಆಡಿದವರಿದ್ದಾರೆ. 2002ರಲ್ಲಿ ಜಪಾನಿನಲ್ಲಿ ಶುರುವಾದ ಫೈನಲ್ ಫ್ಯಾಂಟಸಿ ಇಲೆವೆನ್‌ನಲ್ಲಿ ಜಪಾನಿಯರೂ ಇಂಗ್ಲಿಷ್ ಮಾತಾಡುವವರೂ ಒಂದೇ ಸರ್ವರ್‌ನಲ್ಲಿದ್ದರು. ಪಟ್ಟಿಯಿಂದ ಒಂದು ಪದ ಆರಿಸಿದರೆ ಅದು ಎದುರಿನವರಿಗೆ ಅವರ ಭಾಷೆಯಲ್ಲೇ ಕಾಣುತ್ತಿತ್ತು. ಅಷ್ಟರಲ್ಲೇ ಹೇಗೋ ಸಂಭಾಳಿಸುತ್ತಿದ್ದರು.

2003ರ ನವೆಂಬರ್‌ನಲ್ಲಿ ನಡೆದ ಒಂದು ಸಂಗತಿ ನನಗೆ ಬಹಳ ಇಷ್ಟ. ಎವರ್‌ಕ್ವೆಸ್ಟ್‌ನಲ್ಲಿ ಕೆರಾಫಿರ್ಮ್ ಅಂತ ಒಂದು ನಿದ್ರಿಸುವ ಡ್ರ್ಯಾಗನ್. ಅದನ್ನು ಕೊಲ್ಲಲು ಆಗುವುದೇ ಇಲ್ಲ ಅಂತ ಎಲ್ಲರೂ ನಂಬಿದ್ದರು. ರಾಲೋಸ್ ಝೆಕ್ ಅನ್ನುವ ಸರ್ವರ್‌ನಲ್ಲಿ ಆಟಗಾರರು ಒಬ್ಬರನ್ನೊಬ್ಬರು ಹೊಡೆದು ಹಾಕಬಹುದಿತ್ತು. ಅಂಥ ಜಾಗದಲ್ಲಿ ಎದುರಾಳಿ ಗಿಲ್ಡ್‌ಗಳು, ಅಂದರೆ ಆಟಗಾರರ ಕಾಯಂ ತಂಡಗಳು, ಜಗಳ ಬದಿಗಿಟ್ಟು ಸೇರಿದವು. ಮೊದಲ ಸಲ ಕಾದಾಟದ ನಡುವೆಯೇ ಗೇಮ್ ನಡೆಸುವವರು ಡ್ರ್ಯಾಗನ್‌ನ್ನು ಮಾಯ ಮಾಡಿಬಿಟ್ಟರು. ಆಮೇಲೆ ಇನ್ನೊಂದು ಅವಕಾಶ ಕೊಟ್ಟರು. ಸುಮಾರು 200 ಜನ, ಸತತ ಮೂರು ಗಂಟೆಗೂ ಹೆಚ್ಚು ಹೊತ್ತು. ಸತ್ತವರನ್ನು ಕ್ಲೆರಿಕ್‌ಗಳು ಎಬ್ಬಿಸುವುದು, ಎದ್ದವರು ಮತ್ತೆ ಓಡಿ ಹೋಗಿ ಸಾಯುವುದು, ಮತ್ತೆ ಎಬ್ಬಿಸುವುದು. ಕೊನೆಗೂ ಕೆರಾಫಿರ್ಮ್ ಬಿತ್ತು.

ಆ ಕಾಲದ ಎಲ್ಲವೂ ಚೆನ್ನಾಗಿತ್ತು ಅಂತ ನಾನು ಹೇಳುವುದಿಲ್ಲ. ಒಂದು ರಾಕ್ಷಸ ಕಾಣಿಸಿಕೊಳ್ಳಲಿ ಅಂತ ಇಡೀ ದಿನ ಕಾಯುವುದು, ಅದು ಬಂದ ಗಳಿಗೆಯಲ್ಲಿ ಇನ್ನೊಂದು ಗಿಲ್ಡ್ ಬಂದು ಕಸಿದುಕೊಳ್ಳುವುದು, ಇದೆಲ್ಲ ಜನರನ್ನು ಹಣ್ಣು ಮಾಡುತ್ತಿತ್ತು. ಕೆಲಸ, ಸಂಸಾರ ಇರುವವರಿಗೆ ಅಷ್ಟು ಹೊತ್ತು ಎಲ್ಲಿಂದ ಬರಬೇಕು? ಅದಕ್ಕೇ 2004ರ ನವೆಂಬರ್‌ನಲ್ಲಿ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಬಂದಾಗ ಜನ ಮುಗಿಬಿದ್ದರು. ಅಲ್ಲಿ ಸತ್ತರೂ ಸಾಮಾನು ಮೈಮೇಲೇ ಇರುತ್ತಿತ್ತು. ಒಬ್ಬರೇ ಆಡಿದರೂ ಕೊನೆಯ ಲೆವೆಲ್‌ವರೆಗೆ ಹೋಗಬಹುದಿತ್ತು. ಆದರೂ ದೊಡ್ಡ ಗುಹೆಗಳಿಗೆ ಜನರನ್ನು ಕೇಳಿ, ಕರೆದು, ಒಟ್ಟಿಗೆ ಹೋಗಬೇಕಿತ್ತು.

2009ರ ಡಿಸೆಂಬರ್‌ನಲ್ಲಿ ಅದೂ ಹೋಯಿತು. ಡಂಜನ್ ಫೈಂಡರ್ ಬಂತು. ಒಂದು ಬಟನ್ ಒತ್ತಿದರೆ ಬೇರೆ ಬೇರೆ ಸರ್ವರ್‌ಗಳಿಂದ ಐವರನ್ನು ಹೆಕ್ಕಿ ಗುಹೆಯೊಳಗೇ ಇಳಿಸುತ್ತದೆ. ಆಟ ಮುಗಿದ ಕೂಡಲೇ ಎಲ್ಲರೂ ಮಾಯ. ಮತ್ತೆ ಸಿಗುವ ಮಾತೇ ಇಲ್ಲದ ಮೇಲೆ ಹಲೋ ಯಾಕೆ ಹೇಳಬೇಕು, ಅಲ್ವಾ? ಹೆಸರು ಕೆಟ್ಟರೂ ಪರವಾಗಿಲ್ಲ, ಉಳಿದರೂ ಪರವಾಗಿಲ್ಲ. ಸಮಯ ಉಳಿಯಿತು, ನಿಜ. ಉಳಿದ ಸಮಯದಲ್ಲಿ ನಾವು ಇನ್ನೊಂದು ಗುಹೆಗೆ ಬಟನ್ ಒತ್ತಿದೆವು.

ಹಳೆಯದು ಬೇಕು ಅಂತ ಕೇಳಿದವರು ಬೆರಳೆಣಿಕೆಯ ಜನ ಅಲ್ಲ. 2009ರಲ್ಲೇ ಸ್ವಯಂಸೇವಕರು ಪ್ರಾಜೆಕ್ಟ್ 1999 ಅಂತ ಎವರ್‌ಕ್ವೆಸ್ಟ್‌ನ ಮೊದಲ ವರ್ಷಗಳನ್ನು ಮರಳಿ ಕಟ್ಟಿದರು. 2013ರಲ್ಲಿ ರೂನ್‌ಸ್ಕೇಪ್ ಅನ್ನುವ ಇನ್ನೊಂದು ಎಂಎಂಒದ 2007ರ ರೂಪವನ್ನು ಆಟಗಾರರು ಓಟು ಹಾಕಿ ವಾಪಸ್ ತರಿಸಿಕೊಂಡರು. 2016ರಲ್ಲಿ ನೊಸ್ಟಾಲ್ರಿಯಸ್ ಅನ್ನುವ ಅಭಿಮಾನಿಗಳ ವಾರ್‌ಕ್ರಾಫ್ಟ್ ಸರ್ವರ್ ಮುಚ್ಚಿದಾಗ ಎರಡು ಲಕ್ಷಕ್ಕೂ ಹೆಚ್ಚು ಜನ ಮನವಿಗೆ ಸಹಿ ಹಾಕಿದರು. 2019ರ ಆಗಸ್ಟ್‌ನಲ್ಲಿ ವಾರ್‌ಕ್ರಾಫ್ಟ್ ಕ್ಲಾಸಿಕ್ ಅಧಿಕೃತವಾಗಿಯೇ ಬಂತು. ಒಳಗೆ ಹೋಗಲು ಗಂಟೆಗಟ್ಟಲೆ ಸರದಿ ಕಾದರು ಜನ. 2023ರಲ್ಲಿ ಅದರ ಹಾರ್ಡ್‌ಕೋರ್ ಸರ್ವರ್‌ಗಳು ಬಂದವು. ಅಲ್ಲಿ ಒಂದು ಸಲ ಸತ್ತರೆ ಆ ಪಾತ್ರದ ಕತೆ ಮುಗಿಯಿತು. ಅದನ್ನೂ ಬೇಕು ಅಂತ ಆಡುತ್ತಾರೆ.

ಒಂದು ಮಾತ್ರ ವಾಪಸ್ ಬರುವುದಿಲ್ಲ. ಆಗ ಯಾರಿಗೂ ಏನೂ ಗೊತ್ತಿರಲಿಲ್ಲ. ದಾರಿ ಕೇಳಬೇಕಿತ್ತು, ಯಾವ ರಾಕ್ಷಸನ ಬಳಿ ಏನಿದೆ ಅಂತ ಕೇಳಬೇಕಿತ್ತು. ಈಗ ಎಲ್ಲವೂ ಹುಡುಕಿದರೆ ಸಿಗುತ್ತದೆ. ಹಳೆಯ ಲೋಕಕ್ಕೆ ಮರಳಿದವರಲ್ಲೂ ಹಲವರು ಪಟ್ಟಿ ಹಿಡಿದು ಓಡುತ್ತಾರೆ. ಆದರೆ ಮಾನಾ ಈಗಲೂ ನಿಧಾನವಾಗಿಯೇ ತುಂಬುತ್ತದೆ. ಕ್ಲೆರಿಕ್ ಈಗಲೂ ಬೇಕು.

ಹಾಗಾಗಿ ಇಂಥ ಗೇಮ್ ಆಡಬೇಕು ಅಂತ ಮನಸ್ಸಾದರೆ, ಹಳೆಯ ಸರ್ವರ್ ಒಂದನ್ನು ಆರಿಸಿಕೊಳ್ಳಿ. ಮೊದಲ ದಿನವೇ ಗೈಡ್ ತೆರೆಯಬೇಡಿ. ದಾರಿ ತಪ್ಪಿದರೆ ಚಾಟ್‌ನಲ್ಲಿ ಕೇಳಿ, ಯಾರಾದರೂ ಹೇಳುತ್ತಾರೆ. ಗ್ರೂಪ್ ಸಿಕ್ಕಿ ಎಲ್ಲರೂ ಕೂತಾಗ, ನೀವೇ ಮೊದಲು ಮಾತು ಶುರು ಮಾಡಿ.

ನಮಸ್ಕಾರ.