ಮೊನ್ನೆ ಅಂದರೆ ಯಾವತ್ತು?

ಹಾಲಿನ ಸಂಘದ ಎಲ್ಲರಿಗೂ ನಮಸ್ಕಾರ. ನಿಮ್ಮ ದನದ ಡಾಕ್ಟರು ನಾನು, ಇವತ್ತಿನ ಮಾತು ಹಸುವಿನ ದಾಖಲೆ ಬರೆಸುವ ಬಗ್ಗೆ. ಸೆಕ್ರೆಟರಿಯವರು ಇಪ್ಪತ್ತು ನಿಮಿಷ ಕೊಡ್ತೀನಿ ಅಂದಿದ್ದರು. ಸಂಘದ ಲೆಕ್ಕ ಓದಿ ಮುಗಿಸುವಷ್ಟರಲ್ಲಿ ಅದು ಹತ್ತಾಗಿದೆ. ಇರಲಿ.

ನಿಮ್ಮ ಹಸುಗಳ ಕಿವಿಯಲ್ಲಿ ಹಳದಿ ಓಲೆ ಇದೆ, ಅದರ ಮೇಲೆ 12 ಅಂಕಿ. ಆ ನಂಬರು ಒತ್ತಿದರೆ ಹಸುವಿನ ಜಾತಕವೇ ಬರಬೇಕು. ಎಷ್ಟೋ ಸಲ ಬರೋದು ಏನು? ತಳಿ, ವಯಸ್ಸು, ಯಜಮಾನರ ಹೆಸರು. ಓಲೆ ಚುಚ್ಚಿದ ದಿನ ಬರೆದದ್ದು ಅಷ್ಟೇ. ದಾಖಲೆ ನಂಬಿದರೆ, ಆಮೇಲೆ ಆ ಹಸುವಿಗೆ ಗಬ್ಬ ಕಟ್ಟಿಸಲೂ ಇಲ್ಲ, ಅದು ಈಯಲೂ ಇಲ್ಲ, ಕಾಯಿಲೆಯೂ ಬೀಳಲಿಲ್ಲ!

ನನ್ನದೇ ತಪ್ಪೊಂದು ಹೇಳುತ್ತೇನೆ. ದೀಪಾವಳಿಗೆ ಇನ್ನೊಂದು ವಾರ ಇತ್ತು. ಒಬ್ಬರು ಕರೆದರು. ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ತಳಿಯ ಹಸು, ಒಳ್ಳೇ ಕೆಚ್ಚಲು. 'ಈದು ನಾಲ್ಕು ತಿಂಗಳಾಯ್ತು ಸಾರ್, ಬೆದೆಗೇ ಬರ್ತಿಲ್ಲ, ಒಂದು ಸೂಜಿ ಹಾಕಿಬಿಡಿ' ಅಂದರು. ಕಟ್ಟಿಸಿದ್ರಾ ಅಂತ ಕೇಳಿದೆ. ಇಲ್ಲ ಅಂದರು. ಇನ್ನೂ ಮೂರು ಊರು ಬಾಕಿ ಇತ್ತು, ಗಬ್ಬ ಇದೆಯಾ ಅಂತ ಕೈ ಹಾಕಿ ನೋಡಲಿಲ್ಲ. ಬೆದೆ ಬರಿಸುವ ಔಷಧಿ ಸಿರಿಂಜಿಗೆ ಎಳೆದೆ. ಗಬ್ಬದ ಹಸುವಿಗೆ ಅದು ಬಿದ್ದರೆ ಕಂದು ಹಾಕುತ್ತದೆ, ಅಂದರೆ ಗರ್ಭ ಬಿದ್ದುಹೋಗುತ್ತದೆ, ನಿಮಗೂ ಗೊತ್ತು. ಅಷ್ಟರಲ್ಲಿ ಒಳಗಿಂದ ಮನೆಯವರು ಹಿಟ್ಟಿನ ಕೈಯಲ್ಲೇ ಓಡಿ ಬಂದರು. 'ಅಯ್ಯೋ, ಗೌರಿ ಹಬ್ಬದ ಮಾರನೇ ದಿನ ನಾನೇ ಕಟ್ಟಿಸಿದ್ದೀನಿ! ಇವರು ಟೆಂಪೋ ತಗೊಂಡು ಹೋಗಿದ್ರು.' ಲೆಕ್ಕ ಹಾಕಿ. ಹತ್ತಿರ ಹತ್ತಿರ ಐವತ್ತು ದಿನದ ಗಬ್ಬ. ಸಿರಿಂಜಿನ ಔಷಧಿ ಚೆಲ್ಲಿ ಬಂದೆ. ಮುಂದಿನ ಮುಂಗಾರಿನ ಹೊತ್ತಿಗೆ ಹೆಣ್ಣುಗರು ಹಾಕಿತು.

ಆ ತಾಯಿಯ ನೆನಪು ಯಾವ ಕಂಪ್ಯೂಟರಿಗೂ ಕಮ್ಮಿ ಇರಲಿಲ್ಲ. ಆದರೆ ಅವತ್ತು ಅವರು ತವರಿಗೆ ಹೋಗಿದ್ದರೆ? ಕಟ್ಟಿಸಿದ ದಿನವೇ ಓಲೆ ನಂಬರಿನ ಮುಂದೆ ತಾರೀಖು ಬಿದ್ದಿದ್ದರೆ ನನ್ನ ಮೊಬೈಲೇ ಹೇಳುತ್ತಿತ್ತು. ನಾವು ಕೇಳಿದರೆ 'ಮೊನ್ನೆ' ಅಂತೀರಿ. ನಿಮ್ಮ ಮೊನ್ನೆಗೆ ಎರಡು ದಿನವೂ ಆಗಬಹುದು, ಎರಡು ತಿಂಗಳೂ ಆಗಬಹುದು. ಹಾಲಿನ ದುಡ್ಡು ಬಟವಾಡೆ ಆಗೋ ತಾರೀಖು ಮಾತ್ರ ಯಾರೂ ಮೊನ್ನೆ ಅನ್ನಲ್ಲ, ಅಲ್ವಾ?

ತಾರೀಖು ಇದ್ದರೆ 21ನೇ ದಿನ ಗಬ್ಬ ನಿಲ್ಲದೆ ಮತ್ತೆ ಬೆದೆಗೆ ತಿರುಗಿತಾ ಅಂತ ನೋಡಬಹುದು. ಈಯೋಕೆ ಎರಡು ತಿಂಗಳಿದ್ದಾಗ ಹಾಲು ಬತ್ತಿಸಬಹುದು. ಗಬ್ಬ ಬೀಳಿಸುವ ಕಂದು ರೋಗದ (ಬ್ರುಸೆಲ್ಲೋಸಿಸ್) ಲಸಿಕೆ ನೋಡಿ. ಹೆಣ್ಣುಗರುವಿಗೆ 4ರಿಂದ 8 ತಿಂಗಳ ಒಳಗೆ, ಜೀವಮಾನಕ್ಕೆ ಒಂದೇ ಸಲ. ಅದನ್ನು ಬರೆದಿಲ್ಲ ಅಂದರೆ, ಮುಂದೆ ರಕ್ತ ಪರೀಕ್ಷೆಯಲ್ಲಿ ಏನೋ ಕಂಡಾಗ ಅದು ಲಸಿಕೆಯದೋ ರೋಗದ್ದೋ ಅಂತ ತಲೆ ಕೆರೆದುಕೊಳ್ಳಬೇಕು. 2022ರಲ್ಲಿ ಚರ್ಮಗಂಟು ರೋಗ ಬಂದಾಗ ಮೇಕೆ ಸಿಡುಬಿನ ಲಸಿಕೆ ಹಾಕಿಕೊಂಡು ಹೋದೆವು. ಹಾಕಿಸಿದ್ದು ಯಾವತ್ತು ಅಂತ ಆಮೇಲೆ ಕೇಳಿದರೆ ಅದೇ ಉತ್ತರ, 'ಮೊನ್ನೆ'!

ಕೆಚ್ಚಲು ಬಾವಿನ ಬಗ್ಗೆ ಜಾಸ್ತಿ ಹೇಳಬೇಕಿತ್ತು. ಸೆಕ್ರೆಟರಿ ಗಡಿಯಾರ ನೋಡ್ತಿದ್ದಾರೆ. ಒಂದೇ ಮಾತು. ಯಾವ ಮೊಲೆ, ಯಾವ ಔಷಧಿ, ಎಷ್ಟು ದಿನ ಹಾಲು ಡೇರಿಗೆ ಹಾಕಬಾರದು, ಇಷ್ಟು ಬರೆಸಿ. ಹಸು ಮಾರಿದರೆ ಓಲೆ ಕೀಳಬೇಡಿ, ಕೊಂಡವರ ಹೆಸರಿಗೆ ಬದಲಾಯಿಸಿ.

ಹಿಂದಿನ ಬೆಂಚಲ್ಲಿ ಕೂತ ಹುಡುಗ ಕಾಣ್ತಾನಲ್ಲ, ನಿಮ್ಮ ಹಸು ಕಟ್ಟಿಸೋದು ಅವನೇ. ಕಾಫಿ ಕುಡಿಯೋಕೆ ಮುಂಚೆ ಅವನ ಮೊಬೈಲಲ್ಲಿ ನಿಮ್ಮ ನಂಬರು ಹಾಕಿಸಿ ನೋಡಿ. ನಂಬರು ನೆನಪಿಲ್ವಾ? ಹಾಗಾದ್ರೆ ಸಂಜೆ ಹಸು ಹತ್ತಿರವೇ ಕರೆದುಕೊಂಡು ಹೋಗಿ.